ಜುಲೈ ತಂಪಿಗೆ ಕಾರಣ ಮೋಡ, ಸೂರ್ಯನ ದೂರ ಅಲ್ಲ

"ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ, ಆಗಸ್ಟ್‌ವರೆಗೆ ವಿಪರೀತ ಚಳಿ" ಎಂಬ ವಾಟ್ಸಾಪ್ ಸಂದೇಶ ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಜನವರಿಯಲ್ಲಿ ಸೂರ್ಯ ಸುಮಾರು 14.7 ಕೋಟಿ ಕಿ.ಮೀ. ದೂರ, ಜುಲೈಯಲ್ಲಿ 15.2 ಕೋಟಿ. ವ್ಯತ್ಯಾಸ ಶೇ. 3ರಷ್ಟೇ, ಅದೂ ಪ್ರತಿ ವರ್ಷ ಆಗುವಂಥದ್ದು. ಅದೇ ಜುಲೈಯಲ್ಲಿ ಯುರೋಪಿನಲ್ಲಿ ಬೇಸಿಗೆ, ಅಲ್ವಾ?

ನಮ್ಮಲ್ಲಿ ತಂಪು ತರುವುದು ಮುಂಗಾರು. ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗಿ ತಣ್ಣಗಾಗುತ್ತದೆ. ಆಗ ಕಣ್ಣಿಗೆ ಕಾಣದ ನೀರಾವಿ ಧೂಳು, ಸಮುದ್ರದ ಉಪ್ಪಿನ ಕಣಗಳ ಮೇಲೆ ಪುಟ್ಟ ಹನಿಗಳಾಗಿ ಕೂರುತ್ತದೆ. ಅದೇ ಮೋಡ. ಅದು ಬಿಸಿಲನ್ನು ತಡೆಯುವುದರಿಂದ ಹಗಲು ತಣ್ಣಗಿರುತ್ತದೆ.

ಮುಂದಿನ ದಿನಗಳ ಹವೆ ತಿಳಿಯಬೇಕಿದ್ದರೆ ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ಮನೆಯ ಗ್ರೂಪಿಗೂ ಅದನ್ನೇ ಕಳಿಸಿ.