ಆಯಿಯ ತೆಳ್ಳೇವಿನ ಕಡ್ಡಿ

ಶಿರಸಿ ಸೀಮೆಯ ನಮ್ಮ ಹವ್ಯಕ ಬ್ರಾಹ್ಮಣರ ಮನೆಯ ಅಡುಗೆಮನೆಗೆ ಈರುಳ್ಳಿ ಕಾಲಿಟ್ಟದ್ದೇ 1990ರ ಈಚೆಗೆ. ಬೆಳ್ಳುಳ್ಳಿ ಇನ್ನೂ ಹಿತ್ತಿಲ ಬಾಗಿಲಲ್ಲೇ ನಿಂತಿದೆ, ಒಳಗೆ ಕರೆದವರಿಲ್ಲ. ಇಂಥ ಅಡುಗೆಮನೆಯ ಗೋಡೆಗೆ, ಸಟ್ಟುಗಗಳ ಸಾಲಿನಲ್ಲಿ, ನಾನು ಹುಟ್ಟುವ ಮೊದಲಿನಿಂದಲೂ ಒಂದು ಕಡ್ಡಿ ತೂಗುತ್ತಿತ್ತು.

ಬಿದಿರಿನದು. ಒಂದು ಗೇಣುದ್ದ, ಒಂದೂವರೆ ಬೆರಳು ಅಗಲ. ಎಣ್ಣೆ, ಹೊಗೆ ಕುಡಿದು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಒಂದು ತುದಿ ಚೂಪು, ಇನ್ನೊಂದು ತುದಿ ಕವಲೊಡೆದಿದೆ. ನಡುವೆ ಕೊರೆದು ತೆಗೆದ ಕಿಟಕಿ, ಆ ಕಿಟಕಿಯೊಳಗೆ ಒಂದು ಸಪೂರ ನಾಲಿಗೆ. ಆಯಿ, ಅಂದರೆ ನನ್ನ ಅಮ್ಮ, ಅದರಿಂದ ತೆಳ್ಳೇವು ಎಂಬ ತೆಳ್ಳನೆಯ ದೋಸೆ ಎಬ್ಬಿಸುತ್ತಾಳೆ. ಚೂಪು ತುದಿಯನ್ನು ಅಂಚಿನಡಿ ತೂರಿಸಿ ಕಾವಲಿಯ ಸುತ್ತ ಒಮ್ಮೆ ತಿರುಗಿಸಿದರೆ ಸಾಕು, ಕಾಗದದಂಥ ತೆಳ್ಳೇವು ಚೂರೂ ಹರಿಯದೆ ಎದ್ದು ಬರುತ್ತದೆ. ಲಂಗಕ್ಕೆ ಲಾಡಿ ಹಾಕಲಿಕ್ಕೂ ಅದೇ ಕಡ್ಡಿ. ತೊಳೆದು ಹಾಕುತ್ತಿದ್ದಳು ಅನ್ನಿ.

"ಇದು ನಿಜವಾಗ್ಲೂ ಎಂತದು ಆಯಿ?" ಎಂದು ನಾನು ಕೇಳಿದ್ದು ಐವತ್ತನೇ ವಯಸ್ಸಿನಲ್ಲಿ. ತೆಳ್ಳೇವು ಎಬ್ಬಿಸಲಿಕ್ಕೆ ನಾಲಿಗೆ ಯಾಕೆ, ಕಿಟಕಿ ಯಾಕೆ ಎಂಬ ಪ್ರಶ್ನೆ ಅಷ್ಟು ವರ್ಷ ತಿಂದರೂ ಹೊಳೆದಿರಲಿಲ್ಲ.

"ಎಂಗೆಂತ ಗೊತ್ತಿದ್ದು? ಮಾವಯ್ಯ ಕುಮಟೆಯಿಂದ ತಂದದ್ದಡ," ಎಂದಳು.

ಅಜ್ಜ ಗಾಡಿಯಲ್ಲಿ ಅಡಿಕೆ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದನಂತೆ. ಬರುವಾಗ ಗಾಡಿಯಲ್ಲಿ ಸಾಣಿಕಟ್ಟೆಯ ಉಪ್ಪು. ಉಪ್ಪಿನ ಸಂಗಡ ಏನೇನು ಘಟ್ಟ ಹತ್ತಿತೋ ಯಾರಿಗೆ ಗೊತ್ತು.

ಅತ್ತಿಗೆ ಅದನ್ನು ನೇಕಾರರ ಲಾಳಿ ಎಂದಳು. ಅಲ್ಲಿಗೇ ಬಿಡಬಹುದಿತ್ತು. ಬಿಡದೆ, ಊರಿನ ಇತಿಹಾಸದ ಹುಚ್ಚಿರುವ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಒಯ್ದೆ. ಅವರು ಕನ್ನಡಕ ಏರಿಸಿ, ಇಳಿಸಿ, ಅಂಗಳದ ಬಿಸಿಲಿಗೆ ಹಿಡಿದು ನೋಡಿ, "ತಾಳೆಗರಿ ಬರೆಯುವ ಕಂಠ. ಸೋಂದೆ ಅರಸರ ಕಾಲದ್ದಿರಬೇಕು. ನಿಮ್ಮನೆಯಲ್ಲಿ ವಿದ್ವಾಂಸರಿದ್ದರು," ಎಂದರು. ಕಂಠ ಅಂದರೆ ಕಬ್ಬಿಣದ್ದು, ಬಿದಿರಿನಲ್ಲಿ ಗೀಚಿದರೆ ಗರಿ ನಗುತ್ತದೆ ಎಂಬುದು ನನಗೆ ಆಗ ತಲೆಗೆ ಹೋಗಲೇ ಇಲ್ಲ. "ವಿದ್ವಾಂಸರು" ಎಂಬ ಶಬ್ದ ಕೇಳಿದ ಮೇಲೆ ಮುಂದಿನದು ಯಾರಿಗೆ ಕೇಳಿಸುತ್ತದೆ? ಹೆಂಡತಿಯ ಬಳೆಯ ಪೆಟ್ಟಿಗೆ ಖಾಲಿ ಮಾಡಿಸಿ, ಕೆಂಪು ಮಖಮಲ್ಲಿನ ಮೇಲೆ ಕಡ್ಡಿಯನ್ನು ಮಲಗಿಸಿದೆ. ಬಂದ ನೆಂಟರಿಗೆಲ್ಲ ಚಹಾಕ್ಕಿಂತ ಮೊದಲು ಅದರ ದರ್ಶನ. ಆಯಿ ಮಾತ್ರ ಸ್ಟೀಲ್ ಸಟ್ಟುಗದಲ್ಲಿ ತೆಳ್ಳೇವು ಹರಿದುಕೊಳ್ಳುತ್ತ, ಸೋಂದೆ ಅರಸರನ್ನು ಬೈಯುತ್ತಿದ್ದಳು.

ಜುಲೈಯಲ್ಲಿ ಗೋಕರ್ಣಕ್ಕೆ ಒಂದು ಕಾರ್ಯಕ್ಕೆ ಹೋಗಬೇಕಾಯಿತು. ಅಲ್ಲಿ ಭಟ್ಟರೊಬ್ಬರಿಗೆ ತೋರಿಸೋಣವೆಂದು ಪೆಟ್ಟಿಗೆಯೂ ಜೊತೆಗಿತ್ತು. ಕಾರ್ಯ ಬೇಗ ಮುಗಿಯಿತು, ಭಟ್ಟರು ಊರಲ್ಲಿರಲಿಲ್ಲ. ಹೊತ್ತು ಹೋಗಲೆಂದು ತದಡಿಗೆ ಹೋದೆ. ಅಘನಾಶಿನಿ ಸಮುದ್ರ ಸೇರುವ ಜಾಗ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ನೀರು ಕೊನೆಗೆ ಇಲ್ಲಿಗೇ ಬರುತ್ತದೆ ಎಂಬ ಸಲಿಗೆಯಿಂದ, ನಮ್ಮೂರ ಹುಡುಗಿಯನ್ನು ಕೊಟ್ಟ ಮನೆಗೆ ಹೋದವನ ಹಾಗೆ ಬಂದರಿನಲ್ಲಿ ಅಡ್ಡಾಡಿದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿಗಳೆಲ್ಲ ಕಟ್ಟಿಹಾಕಿದ್ದವು. ತಗಡಿನ ಮಾಡಿನಡಿ ವಯಸ್ಸಾದ ಒಬ್ಬರು ಗುಡ್ಡೆಯಂಥ ಹಸಿರು ಬಲೆಯ ನಡುವೆ ಕೂತು ಹರಿದ ಕಣ್ಣು ಹೆಣೆಯುತ್ತಿದ್ದರು.

ಅವರ ಕೈಯಲ್ಲಿ ಕಂಠವಿತ್ತು.

ಹಳದಿ ಪ್ಲಾಸ್ಟಿಕ್ಕಿನದು. ಅದೇ ಚೂಪು, ಅದೇ ಕಿಟಕಿ, ಅದೇ ನಾಲಿಗೆ, ಹಿಂದೆ ಅದೇ ಕವಲು. ಸೋಂದೆಯ ವಿದ್ವಾಂಸರು ತದಡಿಯಲ್ಲೂ ಇದ್ದರೋ ಎಂದು ಒಂದು ಕ್ಷಣ ಯೋಚಿಸಿದ್ದೂ ನಿಜ.

ಪೆಟ್ಟಿಗೆ ತೆರೆದೆ. ಮುದುಕರು ಮಖಮಲ್ಲು ನೋಡಿದರು, ನನ್ನನ್ನು ನೋಡಿದರು. "ಇದು ನಿಮ್ಗೆಲ್ಲಿ ಸಿಕ್ತು ಭಟ್ರೇ? ಬಲೆ ಹೆಣೀವ ಸೂಜಿ. ನಮ್ಮಜ್ಜನ ಕಾಲ್ದಲ್ಲಿ ಎಲ್ಲ ಬಿದಿರಿಂದೇ." ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದವರು ಮುಖ ಸಿಂಡರಿಸಿದರು. "ಶೀ, ತುಪ್ಪದ ವಾಸ್ನೆ!"

ಮೀನಿನ ಬಂದರಿನಲ್ಲಿ ನಿಂತು, ನಮ್ಮನೆ ವಸ್ತು ನಾರುತ್ತದೆ ಎಂದು ಕೇಳಿಸಿಕೊಂಡ ಹವ್ಯಕ ನಾನೊಬ್ಬನೇ ಇರಬೇಕು.

ಆಮೇಲೆ ಅವರು ಮಾಡಿ ತೋರಿಸಿದರು. ದಾರವನ್ನು ನಾಲಿಗೆಗೆ ಸಿಕ್ಕಿಸಿ, ಕೆಳಗಿನ ಕವಲಿನಲ್ಲಿ ಹಾಯಿಸಿ, ಸೂಜಿ ಮಗುಚಿ, ಹಿಂಬದಿಯಿಂದ ಮತ್ತೆ ಅದೇ ನಾಲಿಗೆಗೆ. ಹೀಗೆ ಮಗುಚುತ್ತ ಹೋದರೆ ಮಾರುಗಟ್ಟಲೆ ದಾರ ಸೂಜಿಯ ಹೊಟ್ಟೆಯೊಳಗೆ ಕೂರುತ್ತದೆ. ಹೆಣೆಯುವಾಗ ಬೇಕಾದಷ್ಟೇ ಬಿಚ್ಚಿಕೊಳ್ಳುತ್ತದೆ. ಸೂಜಿ ಬಲೆಯ ಕಣ್ಣಿಗಿಂತ ಸಪೂರವಿರಬೇಕು, ದಾರ ತುಂಬಿದ ಮೇಲೂ ಕಣ್ಣೊಳಗೆ ನುಸುಳಬೇಕಲ್ಲ. ತೆಳ್ಳೇವಿನಡಿ ನುಸುಳುವ ಗುಣ ಎಲ್ಲಿಂದ ಬಂತು ಎಂಬುದು ನನಗೆ ಆಗ ಗೊತ್ತಾಯಿತು. ನಾಲ್ಕು ಕಣ್ಣು ಹೆಣೆಯುವಷ್ಟರಲ್ಲಿ ಗಂಟು ಸಡಿಲವಾಯಿತು. "ಜಿಡ್ಡು ಮಾರಾಯ್ರೆ, ದಾರಕ್ಕೆ ಅಂಟಿ ಗಂಟೇ ನಿಲ್ತಿಲ್ಲ. ಹಾಳು ಮಾಡಿಟ್ಟಿದ್ರಿ ಇದನ್ನ," ಎಂದು ಗದರಿದರು. ಹತ್ತಿ ದಾರದ ಬಲೆಗಳ ಕಾಲ, ಊರಿಗೆ ಊರೇ ದಡದಲ್ಲಿ ನಿಂತು ರಂಪಣಿ ಎಂಬ ಉದ್ದದ ಬಲೆ ಎಳೆಯುತ್ತಿದ್ದದ್ದು, 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಮೂಲೆ ಸೇರಿದ್ದು, ಎಲ್ಲ ಹೇಳಿದರು. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಆಯಿಗೆ ಹೇಗೆ ಹೇಳುವುದು?

ಹೇಳಿದೆ. ಆಯಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಿಲ ಬಾಗಿಲಿನ ಬೆಳ್ಳುಳ್ಳಿಯ ಪಕ್ಕ ಇಟ್ಟು ಸ್ನಾನಕ್ಕೆ ಹೋದಳು. ಮೇಷ್ಟ್ರಿಗೂ ಫೋನ್ ಮಾಡಿದೆ. "ಅರಸರ ಕಾಲದಲ್ಲಿ ಮೀನು ಹಿಡಿಯುತ್ತಿರಲಿಲ್ಲವೇ?" ಎಂದರು.

ಮೂರು ದಿನ ಸ್ಟೀಲ್ ಸಟ್ಟುಗ. ಮೂರು ದಿನ ಚಿಂದಿ ತೆಳ್ಳೇವು. ನಾಲ್ಕನೇ ಬೆಳಿಗ್ಗೆ ಎದ್ದು ಬಂದರೆ ಕಾವಲಿಯ ಸುತ್ತ ಕಡ್ಡಿ ತಿರುಗುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ್ದಕ್ಕೆ ಬಣ್ಣ ತುಸು ತಿಳಿಯಾಗಿತ್ತು.

ನಾನು ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು: "ಇದೆಂತ ಮೀನು ಮುಟ್ಟಿದ್ದಿಲ್ಲೆ. ಬಲೆ ಹೆಣೆದು ಮುಗಿದ ಮೇಲೆ ಅಲ್ದನಾ ಸಮುದ್ರಕ್ಕೆ ಹೋಪದು?"

ಸಮುದ್ರದಿಂದ ಹರಿದು ಬಂದ ಬಲೆಯನ್ನು ಸರಿಮಾಡಲಿಕ್ಕೂ ಇದೇ ಸೂಜಿ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಬಾಳೆಲೆಗೆ ಮೊದಲನೇ ತೆಳ್ಳೇವು ಬಿತ್ತು, ಇಡಿಯಾಗಿ. ಜೋನಿಬೆಲ್ಲ ಎಲ್ಲಿದೆ ಎಂದು ಕೇಳಿದೆ.