ಕಮಿಷನರ್‌ಗಳ ತಲೆ ಎಣಿಸಿದ್ದು ಸಾಕು

ಯುರೋಪಿಯನ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಸುಧಾರಣೆ ಅಂದ ಕೂಡಲೇ ಎಲ್ಲರೂ ತಲೆ ಎಣಿಸಲು ಕೂರುತ್ತಾರೆ. 27 ದೇಶಕ್ಕೆ 27 ಕಮಿಷನರ್, ಇಷ್ಟು ಜನಕ್ಕೆ ಖಾತೆ ಎಲ್ಲಿಂದ ತರೋದು ಅಂತ. ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದದಲ್ಲೇ ಇದಕ್ಕೆ ಮದ್ದಿತ್ತು: 2014ರ ನವೆಂಬರ್‌ನಿಂದ ಸದಸ್ಯ ದೇಶಗಳ ಮೂರನೇ ಎರಡರಷ್ಟೇ ಕಮಿಷನರ್, ಸರದಿ ಪ್ರಕಾರ. ಆದರೆ 2008ರಲ್ಲಿ ಐರ್ಲೆಂಡಿನ ಮತದಾರರು ಒಪ್ಪಂದವನ್ನೇ ತಳ್ಳಿಹಾಕಿದರು. ಪ್ರತಿ ದೇಶಕ್ಕೂ ಒಂದು ಕುರ್ಚಿ ಉಳಿಸುವ ಮಾತು ಕೊಟ್ಟ ಮೇಲೆ, ಮರುವರ್ಷದ ಮರುಮತದಾನದಲ್ಲಿ ಒಪ್ಪಿದರು. 2013ರಲ್ಲಿ ಸರ್ಕಾರಗಳ ಮುಖ್ಯಸ್ಥರು ಹಳೇ ಲೆಕ್ಕವನ್ನೇ ಒಮ್ಮತದಿಂದ ಮುಂದುವರಿಸಿದರು. ಆ ಕಥೆ ಅಲ್ಲಿಗೆ ಬಿಡಿ.

ಕಮಿಷನ್‌ನ ನಿಜವಾದ ಬಲ ಇರೋದು ಕರಡಿನಲ್ಲಿ. ಒಕ್ಕೂಟದ ಬಹುತೇಕ ಕಾನೂನಿಗೆ ಕರಡು ಮಂಡಿಸುವ ಹಕ್ಕು ಅದಕ್ಕೆ ಮಾತ್ರ. ಯುರೋಪಿಯನ್ ಸಂಸತ್ತು 'ಕರಡು ತನ್ನಿ' ಎಂದು ಕೇಳಬಹುದು, ಅಷ್ಟೆ. ಕಮಿಷನ್ ಒಲ್ಲೆ ಅಂದರೆ ಕಾರಣ ಹೇಳಿದರೆ ಮುಗಿಯಿತು. ಕೊಡಗಿನ ಕಾಫಿ ಬೆಳೆಗಾರರ ತಲೆ ತಿನ್ನುತ್ತಿರುವ ಅರಣ್ಯನಾಶ ತಡೆ ಕಾನೂನೂ 2021ರಲ್ಲಿ ಅದೇ ಮೇಜಿನಿಂದ ಹೊರಟದ್ದು. (ಯುರೋಪಿಗೆ ಕಾಫಿ ಕಳಿಸಬೇಕಾದರೆ 4 ಹೆಕ್ಟೇರ್ ದಾಟಿದ ತೋಟಕ್ಕೆ ಜಿಪಿಎಸ್‌ನ ಒಂದು ಚುಕ್ಕೆ ಸಾಲದು, ಗಡಿ ಸುತ್ತಿ ಗುರುತು ಹಾಕಬೇಕು.)

ಇಷ್ಟು ಬಲ ಇರುವವರನ್ನು ಇಳಿಸೋದು ಹೇಗೆ? ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 234ನೇ ವಿಧಿಯ ಅವಿಶ್ವಾಸ ಗೊತ್ತುವಳಿ: ಬಿದ್ದ ಮತಗಳಲ್ಲಿ ಮೂರನೇ ಎರಡು ಪಾಲು ಬೇಕು, ಅದು 720 ಸದಸ್ಯರಲ್ಲಿ 361ಕ್ಕೆ ಕಡಿಮೆ ಇರಬಾರದು. ಗೆದ್ದರೆ ಇಡೀ ತಂಡವೇ ಮನೆಗೆ. ಒಬ್ಬರನ್ನೇ ಆರಿಸಿ ಕಳಿಸುವ ದಾರಿ ಸಂಸತ್ತಿಗಿಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದಂತೆ. ಹಾಗಾಗಿ ಕೊಯ್ಯುವ ಧೈರ್ಯ ಯಾರೂ ಮಾಡಲ್ಲ: 2025ರ ಜುಲೈನಲ್ಲಿ ಕಮಿಷನ್ ಅಧ್ಯಕ್ಷೆ ಫಾನ್ ಡೆರ್ ಲೈಯನ್ ವಿರುದ್ಧ ಬಿದ್ದದ್ದು 175 ಮತ, ಪರವಾಗಿ 360.

1999 ನೋಡಿ. ಸ್ವಜನಪಕ್ಷಪಾತದ ಬೆರಳು ಮುಖ್ಯವಾಗಿ ತೋರಿದ್ದು ಫ್ರಾನ್ಸಿನ ಕಮಿಷನರ್ ಎಡಿತ್ ಕ್ರೆಸನ್ ಕಡೆಗೆ. ಆಕೆ ಜಾಗ ಬಿಡಲಿಲ್ಲ. ಜನವರಿಯ ಗೊತ್ತುವಳಿ 232–293ರಲ್ಲಿ ಸೋತಿತು. ಮಾರ್ಚ್ 15ಕ್ಕೆ ಸ್ವತಂತ್ರ ತಜ್ಞರ ವರದಿ ಬಂತು, ಅದೇ ರಾತ್ರಿ ಅಂದಿನ ಅಧ್ಯಕ್ಷ ಸಾಂತೇರ್ ತಂಡದ 20 ಜನರೂ ರಾಜೀನಾಮೆ ಕೊಟ್ಟರು. ಒಬ್ಬರಿಗಾಗಿ ಇಪ್ಪತ್ತು!

ಆಮೇಲೆ ಬಂದ ತಿದ್ದುಪಡಿಗಳಿಂದ ಈಗ ಅಧ್ಯಕ್ಷರು ಕೇಳಿದರೆ ಕಮಿಷನರ್ ಹೋಗಲೇಬೇಕು. ಆದರೆ ಕೇಳುವುದು, ಬಿಡುವುದು ಅಧ್ಯಕ್ಷರ ಮರ್ಜಿ.

2023ರ ನವೆಂಬರ್‌ನಲ್ಲಿ ಸಂಸತ್ತು ಕಮಿಷನ್ನನ್ನು 15 ಜನಕ್ಕೆ ಇಳಿಸುವ ಪ್ರಸ್ತಾವ ಪಾಸು ಮಾಡಿತು. ಮತ್ತೆ ತಲೆ ಲೆಕ್ಕ! ಅದಕ್ಕೆ ಒಪ್ಪಂದವನ್ನೇ ತಿದ್ದಬೇಕು, 27 ದೇಶಗಳೂ ಒಪ್ಪಬೇಕು. ನನ್ನ ಮಟ್ಟಿಗೆ ಹತ್ತಿರದ ಬಾಗಿಲು ಬೇರೆ ಇದೆ. ಸಂಸತ್ತು ಮತ್ತು ಕಮಿಷನ್ ನಡುವಿನ 2010ರ ಚೌಕಟ್ಟು ಒಡಂಬಡಿಕೆಯ ಪ್ರಕಾರ ಸಂಸತ್ತು ಒಬ್ಬ ಕಮಿಷನರ್ ಮೇಲೆ ವಿಶ್ವಾಸ ಇಲ್ಲ ಅಂದರೆ, ಅಧ್ಯಕ್ಷರು ಅವರ ರಾಜೀನಾಮೆ ಕೇಳಬೇಕು, ಇಲ್ಲವೇ ಮುಂದಿನ ಅಧಿವೇಶನದಲ್ಲಿ ಬಂದು ಯಾಕೆ ಕೇಳಲಿಲ್ಲ ಅಂತ ಹೇಳಬೇಕು. ಆ ವಿವರಣೆ ಲಿಖಿತವಾಗಿರಲಿ, ಅದರ ಮೇಲೆ ಹೆಸರು ಕರೆದು ಮತ ನಡೆಯಲಿ. ಇದಕ್ಕೆ ಎರಡೂ ಸಂಸ್ಥೆಗಳ ಸಹಿ ಸಾಕು, ಯಾವ ದೇಶದ ಜನಮತಗಣನೆಯೂ ಬೇಕಿಲ್ಲ.