ಫೈಲು ಭದ್ರವಾಗಿದೆ, ನೀವು ನಿಶ್ಚಿಂತೆಯಿಂದ ಮಲಗಿ

ಅಣು ವಿದ್ಯುತ್ ಸ್ಥಾವರ ಅಂದರೆ ಸುಮ್ನೆ ಹೆದರುವವರು ಜಾಸ್ತಿ. ಅಲ್ಲಿರುವಷ್ಟು ನಿಯಮ, ತಪಾಸಣೆ, ಸಹಿ, ಮೊಹರು ಬೇರೆ ಯಾವ ಉದ್ಯಮದಲ್ಲೂ ಸಿಗುವುದು ಕಷ್ಟ ಅಂತ ಅವರಿಗೆ ಗೊತ್ತಿಲ್ಲ. ಒಂದು ಬೋಲ್ಟ್ ಬಿಗಿ ಮಾಡಲು ಒಂದು ವಿಧಾನ, ಆ ವಿಧಾನಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ತಿದ್ದುಪಡಿ, ತಿದ್ದುಪಡಿಯನ್ನು ಓದಿದ್ದೇನೆ ಎಂದು ಬರೆದುಕೊಡಲು ಇನ್ನೊಂದು ಹಾಳೆ. ಇಷ್ಟೆಲ್ಲ ಕಾಗದ ತುಂಬಿರುವ ಕಡೆ ಅಪಾಯಕ್ಕೆ ಕಾಲಿಡಲು ಜಾಗವಾದರೂ ಎಲ್ಲಿದೆ?

ತೊಂದರೆ ಒಂದೇ. ಉಕ್ಕಿಗೆ ಓದು ಬರಹ ಬರುವುದಿಲ್ಲ.

ಅಮೆರಿಕದ ಒಹಾಯೋ ರಾಜ್ಯದ ಡೇವಿಸ್-ಬೆಸ್ಸೆ ಸ್ಥಾವರವನ್ನೇ ನೋಡಿ. ಅಲ್ಲಿ ರಿಯಾಕ್ಟರ್ ಮೇಲಿನ ಮುಚ್ಚಳ ಆರು ಇಂಚಿಗಿಂತ ದಪ್ಪದ ಉಕ್ಕು. ಒಳಗಿನ ನೀರಿಗೆ ಬೋರಿಕ್ ಆಮ್ಲ ಬೆರೆಸಿರುತ್ತಾರೆ. ಅದರ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ನೂರು ಪಟ್ಟಿಗೂ ಮೇಲೆ. ಮುಚ್ಚಳದ ಮೂಲಕ ಹಾದುಹೋಗುವ ಒಂದು ಕೊಳವೆ ಬಿರುಕು ಬಿಟ್ಟಿತು. ನೀರು ಜಿನುಗಿ ಆವಿಯಾಯಿತು. ಉಳಿದ ಆಮ್ಲ ಅಲ್ಲೇ ಕೂತು ಉಕ್ಕನ್ನು ತಿನ್ನತೊಡಗಿತು. ವರ್ಷಗಟ್ಟಲೆ ತಿಂದಿತು.

ಯಾರಿಗೂ ಸುಳಿವೇ ಸಿಗಲಿಲ್ಲ ಅಂದುಕೊಳ್ಳಬೇಡಿ. ಒಳಗಿನ ಗಾಳಿಯಲ್ಲಿ ವಿಕಿರಣ ಇದೆಯೇ ಎಂದು ನೋಡುವ ಯಂತ್ರದ ಫಿಲ್ಟರ್‌ಗಳು ತುಕ್ಕಿನ ಪುಡಿಯಿಂದ ಕಟ್ಟಿಕೊಳ್ಳುತ್ತಿದ್ದವು. ತಿಂಗಳಿಗೊಮ್ಮೆ ಬದಲಿಸಬೇಕಾದ ಫಿಲ್ಟರ್ ಅನ್ನು ದಿನ ಬಿಟ್ಟು ದಿನ ಬದಲಿಸುವ ಸ್ಥಿತಿ ಬಂತು. ಸಿಬ್ಬಂದಿ ಬಹಳ ಶಿಸ್ತಿನವರು. ತಪ್ಪದೆ ಬದಲಿಸಿದರು. ತುಕ್ಕು ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ಫಿಲ್ಟರ್ ಬದಲಿಸುವವನ ಕೆಲಸ ಅಲ್ಲ, ಅಲ್ವಾ? 2000ದ ಏಪ್ರಿಲ್‌ನಲ್ಲಿ ಆ ಮುಚ್ಚಳದ ಫೋಟೋ ಕೂಡ ತೆಗೆದಿದ್ದರು. ಕೆಂಪು ತುಕ್ಕು ಧಾರೆಯಾಗಿ ಇಳಿದಿರುವ ಫೋಟೋ. ಅದು ಫೈಲಿನಲ್ಲಿ ಭದ್ರವಾಗಿತ್ತು.

2001ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗಕ್ಕೆ ಇಂಥ ಕೊಳವೆಗಳ ಬಗ್ಗೆ ಅನುಮಾನ ಬಂತು. ಡಿಸೆಂಬರ್ 31ರೊಳಗೆ ಸ್ಥಾವರ ನಿಲ್ಲಿಸಿ ಪರೀಕ್ಷೆ ಮಾಡಿ ಎಂಬ ಆದೇಶದ ಕರಡನ್ನೂ ಆಯೋಗದ ಸಿಬ್ಬಂದಿ ಸಿದ್ಧಪಡಿಸಿದರು. ಕಂಪನಿ, ಮಾರ್ಚ್ ಕೊನೆಗೆ ಹೇಗೂ ಇಂಧನ ತುಂಬಲು ನಿಲ್ಲಿಸುತ್ತೇವಲ್ಲ, ಆಗ ನೋಡೋಣ ಅಂದಿತು. ಇವರು ಡಿಸೆಂಬರ್ ಅಂದರು, ಅವರು ಮಾರ್ಚ್ ಅಂದರು. ಕೊನೆಗೆ ಫೆಬ್ರವರಿ 16ಕ್ಕೆ ವ್ಯಾಪಾರ ಕುದುರಿತು. ಆದೇಶ ಹೊರಡಲೇ ಇಲ್ಲ. ಆಮ್ಲಕ್ಕೆ ಮಾತ್ರ ಈ ಮಾತುಕತೆಗೆ ಆಹ್ವಾನ ಇರಲಿಲ್ಲ, ಹಾಗಾಗಿ ಅದು ತನ್ನ ಪಾಡಿಗೆ ತಿನ್ನುತ್ತಲೇ ಇತ್ತು.

2002ರ ಮಾರ್ಚ್‌ನಲ್ಲಿ ದುರಸ್ತಿ ಮಾಡುವಾಗ, ಗಟ್ಟಿಯಾಗಿ ನಿಂತಿರಬೇಕಾದ ಕೊಳವೆ ಪಕ್ಕಕ್ಕೆ ವಾಲಿತು. ಇಣುಕಿ ನೋಡಿದರೆ ಆರು ಇಂಚು ಉಕ್ಕು ಮಾಯ. ಅನಾನಸ್ ಹಣ್ಣು ಕೂರುವಷ್ಟು ದೊಡ್ಡ ಗುಳಿ. ತಳದಲ್ಲಿ ಉಳಿದಿದ್ದು ಅರ್ಧ ಇಂಚೂ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪದರ. ಅದೂ ಒಳಗಿನ ಒತ್ತಡಕ್ಕೆ ಉಬ್ಬಿತ್ತು. ಕಂಪನಿಯ ಖರ್ಚಿನ ಚಿಂತೆಯೇ ಆಯೋಗದ ನಿರ್ಧಾರಕ್ಕೆ ಬಹುಮಟ್ಟಿಗೆ ಕಾರಣ ಎಂದು ಆಯೋಗದ್ದೇ ಇನ್‌ಸ್ಪೆಕ್ಟರ್ ಜನರಲ್ ವರದಿ ಬರೆದರು. 2005ರಲ್ಲಿ ಆಯೋಗ 54.5 ಲಕ್ಷ ಡಾಲರ್ ದಂಡ ಹಾಕಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋಣ ಅಂದರೆ, ಇಲ್ಲಿ ಕೊಳ್ಳೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತು. ಅದಕ್ಕೆ ಕಾರಣ ಆಯೋಗ ಅಲ್ಲ, ಆ ತೆಳು ಪದರ. ಅದಕ್ಕೆ ಯಾರೂ ಸನ್ಮಾನ ಮಾಡಿದಂತಿಲ್ಲ.

ಇನ್ನು ಕಾವಲಿನ ಕಥೆ. ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ಸ್ಥಾವರದಲ್ಲಿ ಶಸ್ತ್ರಧಾರಿ ಕಾವಲುಗಾರರು ಗಸ್ತಿನ ನಡುವೆ ಸನ್ನದ್ಧರಾಗಿ ಕಾದಿರಲು ಒಂದು ಕೋಣೆ ಇತ್ತು. ದಾಳಿ ಆದರೆ ಅಲ್ಲಿಂದ ಎದ್ದು ಓಡಬೇಕು. ಅವರು ಅಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದು 2007ರಲ್ಲಿ ಆಯೋಗಕ್ಕೆ ಪತ್ರ ಬಂತು. ಆಯೋಗ ಏನು ಮಾಡಬೇಕಿತ್ತು? ರಾತ್ರಿ ಹೋಗಿ ಬಾಗಿಲು ತಳ್ಳಬೇಕಿತ್ತು ಅನ್ನುವಿರಿ. ಅದು ನಿಮ್ಮ ನಮ್ಮಂಥ ಅವಸರದವರ ಯೋಚನೆ. ಆಯೋಗ ದೂರನ್ನು ಕಂಪನಿಗೇ ಕಳಿಸಿ, ಸ್ವಲ್ಪ ನೋಡಿ ಹೇಳಿ ಅಂದಿತು. ಕಂಪನಿ ನೋಡಿತು. ಆರೋಪಕ್ಕೆ ಆಧಾರ ಸಿಗಲಿಲ್ಲ ಅಂದಿತು. ಫೈಲು ಮುಚ್ಚಿತು.

ಆಮೇಲೆ ಒಬ್ಬ ಕಾವಲುಗಾರ ಮಲಗಿದ್ದ ಸಹೋದ್ಯೋಗಿಗಳ ವಿಡಿಯೋ ಮಾಡಿದ. ಸೆಪ್ಟೆಂಬರ್‌ನಲ್ಲಿ ಅದು ಟೀವಿಯಲ್ಲಿ ಬಂತು. ಆಗ ಎಲ್ಲರಿಗೂ ಒಮ್ಮೆಲೇ ಎಚ್ಚರ ಆಯಿತು. ಕಾವಲಿನ ಗುತ್ತಿಗೆ ರದ್ದಾಯಿತು, ತನಿಖೆ ನಡೆಯಿತು, 65,000 ಡಾಲರ್ ದಂಡವೂ ಬಿತ್ತು. ಎಚ್ಚರವಾಗಿದ್ದು ವಿಡಿಯೋ ಮಾಡಿದವನ ಕೆಲಸ ಹೋಯಿತು. ತಪ್ಪು ಅವನದೇ ಬಿಡಿ. ಎಲ್ಲರ ಹಾಗೆ ಮಲಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಕಾವಲನ್ನು ಪರೀಕ್ಷೆ ಮಾಡುವುದೇ ಇಲ್ಲ ಎಂದೂ ಹೇಳುವಂತಿಲ್ಲ. ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆ ಪ್ರತಿ ಸ್ಥಾವರದ ಮೇಲೆ ಅಣಕು ದಾಳಿ ನಡೆಯುತ್ತದೆ. ದಾಳಿಕೋರರು ಇಂಥ ವಾರ ಬರುತ್ತಾರೆ ಎಂದು ಎಂಟು ವಾರದಷ್ಟು ಮೊದಲೇ ತಿಳಿಸುತ್ತಾರೆ. ಭಯೋತ್ಪಾದಕರೂ ಇಷ್ಟು ಸೌಜನ್ಯ ತೋರಿಸುತ್ತಾರೆ ಎಂಬ ನಂಬಿಕೆ ಇರಬೇಕು. 2004ರಲ್ಲಿ ಉದ್ಯಮದ ಸಂಘಟನೆ ಈ ಅಣಕು ದಾಳಿಕೋರರನ್ನು ಒದಗಿಸುವ ಕೆಲಸವನ್ನು ವ್ಯಾಕನ್‌ಹಟ್ ಎಂಬ ಕಂಪನಿಗೆ ಕೊಟ್ಟಿತು. ಆಗ ದೇಶದ ಹತ್ತಿರ ಹತ್ತಿರ ಅರ್ಧದಷ್ಟು ಸ್ಥಾವರಗಳನ್ನು ಕಾಯುತ್ತಿದ್ದವರು ಯಾರು? ಅದೇ ವ್ಯಾಕನ್‌ಹಟ್. ದಾಳಿ ಮಾಡುವವರೂ ಅವರೇ, ತಡೆಯುವವರೂ ಅವರೇ. ಯಾರು ಗೆದ್ದರೂ ಬಿಲ್ಲು ಒಂದೇ ವಿಳಾಸದಿಂದ. ಪೀಚ್ ಬಾಟಮ್‌ನಲ್ಲಿ ಮಲಗಿದ್ದವರೂ ಇದೇ ಕಂಪನಿಯವರು ಎಂಬುದನ್ನು ಸುಮ್ನೆ ಹೇಳಿದೆ ಅಷ್ಟೇ.

ನೋಟಿಸ್ ಕೊಡದೆ ಬಂದವರ ಕಥೆಯೂ ಒಂದಿದೆ. ಇದು ವಿದ್ಯುತ್ ಸ್ಥಾವರ ಅಲ್ಲ, ಟೆನೆಸ್ಸಿಯ ಓಕ್ ರಿಜ್‌ನಲ್ಲಿರುವ ವೈ-12. ಬಾಂಬಿಗೆ ಬೇಕಾದ ಯುರೇನಿಯಂ ಇಡುವ ಜಾಗ, ಅಂದರೆ ಕಾವಲು ಇನ್ನೂ ಬಿಗಿ. 2012ರ ಜುಲೈ 28ರ ಬೆಳಗಿನ ಜಾವ ಮೂವರು ಬೇಲಿ ಕತ್ತರಿಸಿಕೊಂಡು ಒಳಗೆ ಹೋದರು. ಮುಂದಾಳು ಸಿಸ್ಟರ್ ಮೇಗನ್ ರೈಸ್, 82 ವರ್ಷದ ಕ್ರೈಸ್ತ ಸನ್ಯಾಸಿನಿ. ಯುರೇನಿಯಂ ಕಟ್ಟಡದ ಗೋಡೆಗೆ ರಕ್ತ ಚೆಲ್ಲಿದರು, ಶಾಂತಿಯ ಘೋಷಣೆ ಬರೆದರು, ಸುತ್ತಿಗೆಯಿಂದ ಕುಟ್ಟಿದರು. ಕುಟ್ಟುವ ಶಬ್ದ ಒಳಗಿದ್ದ ಕಾವಲುಗಾರರಿಗೆ ಕೇಳಿಸಿತು. ಯಾರೋ ದುರಸ್ತಿ ಮಾಡುತ್ತಿದ್ದಾರೆ ಅಂದುಕೊಂಡರು, ಅದೂ ಸೂರ್ಯ ಹುಟ್ಟುವ ಮೊದಲು. ಕ್ಯಾಮೆರಾ ಕೆಟ್ಟು ತಿಂಗಳುಗಳೇ ಆಗಿದ್ದವು. ಅಲಾರಂ ಹೊಡೆದುಕೊಂಡಿತ್ತು, ಆದರೆ ಅದು ದಿನಾ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಒಬ್ಬ ಕಾವಲುಗಾರ ಬಂದಾಗ ಅತಿಥಿಗಳೇ ಅವನಿಗೆ ಬ್ರೆಡ್ ಕೊಡಲು ಹೋದರು.

ಮೇಲಿನವರು ಗಾಬರಿಯಾಗಿ, ಕಾವಲುಗಾರರಿಗೆ ಭದ್ರತೆಯ ಜ್ಞಾನ ಎಷ್ಟಿದೆ ಎಂದು ಪರೀಕ್ಷೆ ಮಾಡಲು ಹೊರಟರು. ಗಸ್ತು ವಾಹನದಲ್ಲೇ ಪ್ರಶ್ನೆಪತ್ರಿಕೆ ಉತ್ತರಸಮೇತ ಸಿಕ್ಕಿತು. ಭದ್ರತೆಯ ಪರೀಕ್ಷೆಗೇ ಭದ್ರತೆ ಇಲ್ಲದ ಮೇಲೆ ಇನ್ನೇನು ಹೇಳುವುದು!

ಅಮೆರಿಕವನ್ನು ಮಾತ್ರ ಆಡಿಕೊಂಡರೆ ಉಳಿದವರಿಗೆ ಬೇಜಾರಾದೀತು. ಜಪಾನಿನಲ್ಲಿ 2011ರ ಫುಕುಶಿಮಾ ಅನಾಹುತದ ತನಕ ಅಣು ಸುರಕ್ಷತಾ ಸಂಸ್ಥೆ ಇದ್ದದ್ದು, ಅಣು ವಿದ್ಯುತ್ತನ್ನು ಬೆಳೆಸುವ ಹೊಣೆ ಹೊತ್ತ ಸಚಿವಾಲಯದ ಒಳಗೇ. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಬಗ್ಗೆ ಸಿಎಜಿ 2012ರಲ್ಲಿ ಬರೆದ ವರದಿಯಲ್ಲೂ ಇದೇ ಗೋಳು. ನಿಯಮ ಮುರಿದರೆ ಆಗ ಇದ್ದ ಗರಿಷ್ಠ ದಂಡ 500 ರೂಪಾಯಿ. ಹೌದು, ಸೊನ್ನೆ ಬಿಟ್ಟುಹೋಗಿಲ್ಲ.

ಫುಕುಶಿಮಾ ನಂತರ ಜಪಾನ್ ಹೊಸ ಪ್ರಾಧಿಕಾರ ಮಾಡಿತು, ಅದು ನಿಜಕ್ಕೂ ಬಿಗಿಯಾಗಿಯೇ ಇದೆ. ಆದರೆ ಫುಕುಶಿಮಾದ ಅದೇ ಟೆಪ್ಕೋ ಕಂಪನಿಗೆ ಕಾಶಿವಾಝಾಕಿ-ಕರಿವಾ ಎಂಬ ಏಳು ರಿಯಾಕ್ಟರ್‌ಗಳ ದೈತ್ಯ ಸ್ಥಾವರ ಇದೆ. 2020ರಲ್ಲಿ ಅಲ್ಲೊಬ್ಬ ನೌಕರ ಸಹೋದ್ಯೋಗಿಯ ಗುರುತಿನ ಚೀಟಿ ಹಿಡಿದು ನಿಯಂತ್ರಣ ಕೊಠಡಿಯ ತನಕ ಹೋದ. ಕಾವಲಿನವರಿಗೆ ಅನುಮಾನ ಬಂತಂತೆ. ಬಂದರೂ ಬಿಟ್ಟರು. ಸ್ಥಾವರ ನಡೆಸದಂತೆ ಪ್ರಾಧಿಕಾರ ತಡೆ ಹಾಕಿತು. ಆ ತಡೆ ಜಾರಿಯಲ್ಲಿದ್ದಾಗಲೇ, 2023ರಲ್ಲಿ, ಇನ್ನೊಬ್ಬ ನೌಕರ ಸ್ಥಾವರದ ದಾಖಲೆಗಳ ಕಟ್ಟನ್ನು ಕಾರಿನ ಚಾವಣಿ ಮೇಲಿಟ್ಟು, ಮರೆತು, ಕಾರು ಓಡಿಸಿಕೊಂಡು ಹೋದ. ಕಾಗದ ಗಾಳಿಗೆ ಹಾರಿತು. ಆ ವರ್ಷದ ಡಿಸೆಂಬರ್‌ನಲ್ಲಿ ತಡೆ ತೆರವಾಯಿತು.

ಇಷ್ಟು ಹೊತ್ತು ಹೇಳಿದ್ದು ಚಿಲ್ಲರೆ. ನಿಜವಾದ ಕಲೆ ನೋಡಬೇಕಾದರೆ ಬಳಸಿದ ಇಂಧನದ ಕಡೆ ಬನ್ನಿ.

ರಿಯಾಕ್ಟರ್‌ನಿಂದ ಹೊರತೆಗೆದ ಇಂಧನ ಕೆಲವು ವರ್ಷ ನೀರಿನ ಕೊಳದಲ್ಲಿ ತಣಿಯಬೇಕು. ಆಮೇಲೆ ಉಕ್ಕು-ಕಾಂಕ್ರೀಟಿನ ಪೀಪಾಯಿಗೆ ಹಾಕಿ ಬಯಲಲ್ಲಿ ಇಡಬಹುದು. ಆಮೇಲೆ? ಭೂಮಿಯ ಆಳದಲ್ಲಿ ಹೂಳಬೇಕು. 1982ರಲ್ಲಿ ಅಮೆರಿಕ ಕಾನೂನು ಮಾಡಿ, 1998ರ ಜನವರಿ 31ರಿಂದ ಸರ್ಕಾರವೇ ಇದನ್ನು ಒಯ್ಯುತ್ತದೆ ಎಂದು ಮಾತು ಕೊಟ್ಟಿತು. 1987ರಲ್ಲಿ ನೆವಾಡದ ಯುಕ್ಕಾ ಬೆಟ್ಟವನ್ನು ಆರಿಸಿತು. ಹತ್ತು ಲಕ್ಷ ವರ್ಷದ ತನಕ ಅಲ್ಲಿಂದ ಎಷ್ಟು ವಿಕಿರಣ ಬರಬಹುದು ಎಂದು ಲೆಕ್ಕ ಬರೆದಿಟ್ಟಿತು. 2010ರ ಹೊತ್ತಿಗೆ ಯೋಜನೆಯನ್ನೇ ಕೈಬಿಟ್ಟಿತು. ಹತ್ತು ಲಕ್ಷ ವರ್ಷದ ಭವಿಷ್ಯ ನುಡಿದವರಿಗೆ ಮುಂದಿನ ಚುನಾವಣೆ ಕಾಣಲಿಲ್ಲ.

ಇದಕ್ಕಾಗಿ ಅಣು ವಿದ್ಯುತ್ತಿನ ಪ್ರತಿ ಯೂನಿಟ್‌ಗೆ ಒಂದು ಸೆಂಟಿನ ಹತ್ತನೇ ಒಂದು ಭಾಗ ವಸೂಲಿ ಮಾಡಿ ನಿಧಿ ಕೂಡಿಟ್ಟರು. ಅದೀಗ 4,000 ಕೋಟಿ ಡಾಲರ್‌ಗೂ ಮೇಲಿದೆ. ಬೆಟ್ಟವೇ ಇಲ್ಲದ ಮೇಲೆ ವಸೂಲಿ ಯಾಕೆ ಎಂದು ಕೋರ್ಟ್ ಕೇಳಿದ ಮೇಲೆ 2014ರಲ್ಲಿ ನಿಲ್ಲಿಸಿದರು. ಒಯ್ಯುತ್ತೇವೆ ಅಂದವರು ಒಯ್ಯಲಿಲ್ಲ ಎಂದು ಕಂಪನಿಗಳು ದಾವೆ ಹೂಡಿ ಗೆದ್ದವು. ಪರಿಹಾರದ ಮೊತ್ತ 1,000 ಕೋಟಿ ಡಾಲರ್ ದಾಟಿದೆ. ಅದು ಆ ನಿಧಿಯಿಂದ ಅಲ್ಲ, ತೆರಿಗೆ ಹಣದಿಂದ. ಅಂದರೆ ಒಯ್ಯಲೆಂದು ಒಮ್ಮೆ ಕೊಟ್ಟ ಜನ, ಒಯ್ಯದೆ ಇದ್ದದ್ದಕ್ಕೆ ಮತ್ತೊಮ್ಮೆ ಕೊಟ್ಟರು. ಮೈನ್ ರಾಜ್ಯದ ಮೈನ್ ಯಾಂಕಿ ಸ್ಥಾವರವನ್ನು 2005ರ ಹೊತ್ತಿಗೆ ಪೂರ್ತಿ ಕೆಡವಿಯಾಯಿತು. ಈಗ ಅಲ್ಲಿ ಸ್ಥಾವರವಿಲ್ಲ, ವಿದ್ಯುತ್ತಿಲ್ಲ. ಪೀಪಾಯಿಗಳಿವೆ, ಬೇಲಿಯಿದೆ, ಬಂದೂಕು ಹಿಡಿದ ಕಾವಲಿದೆ.

ಕನೆಕ್ಟಿಕಟ್‌ನ ಮಿಲ್‌ಸ್ಟೋನ್‌ನಲ್ಲಂತೂ ಎರಡು ಇಂಧನ ಸರಳುಗಳೇ ಕಾಣೆಯಾದವು. 1980ರಲ್ಲಿ ದಾಖಲೆಯಲ್ಲಿ ಕೊನೆಯ ಸಲ ಕಾಣಿಸಿಕೊಂಡವು. ಇಲ್ಲ ಎಂದು ಗೊತ್ತಾಗಿದ್ದು 2000ದಲ್ಲಿ. ಬಹುಶಃ ಕಡಿಮೆ ವಿಕಿರಣದ ಕಸದ ಜೊತೆ ಹೋಗಿರಬೇಕು ಎಂದು ತೀರ್ಮಾನಿಸಿದರು. ಕಸ ಬೇರ್ಪಡಿಸಿ ಎಂದು ಜನರಿಗೆ ಬುದ್ಧಿ ಹೇಳುವ ಕಾಲ ಇದು.

ಈಗ ಆಯೋಗದ ಶ್ರೇಷ್ಠ ಕೃತಿ. ಕಸಕ್ಕೆ ಜಾಗವಿಲ್ಲದೆ ಹೊಸ ಸ್ಥಾವರಕ್ಕೆ ಲೈಸೆನ್ಸ್ ಕೊಡುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, ಆಯೋಗ 1984ರಲ್ಲಿ ತನಗೆ ವಿಶ್ವಾಸವಿದೆ ಎಂಬ ನಿಯಮವನ್ನೇ ಹೊರಡಿಸಿತು. ಏನು ವಿಶ್ವಾಸ? 2007-09ರ ಹೊತ್ತಿಗೆ ಹೂಳುವ ಜಾಗ ಸಿದ್ಧವಾಗುತ್ತದೆ ಎಂಬ ವಿಶ್ವಾಸ. 1990ರಲ್ಲಿ ಅದು 21ನೇ ಶತಮಾನದ ಮೊದಲ ಕಾಲು ಭಾಗದೊಳಗೆ ಎಂದಾಯಿತು. ಮೊದಲಿನ ಗಡುವೂ ಮುಗಿದ ಮೇಲೆ, 2010ರಲ್ಲಿ, ಆಯೋಗ ಎಂದೂ ಮೀರಲಾಗದ ಗಡುವೊಂದನ್ನು ಕಂಡುಹಿಡಿಯಿತು: ಅಗತ್ಯ ಬಿದ್ದಾಗ ಜಾಗ ಸಿದ್ಧವಿರುತ್ತದೆ. ಸಾಲ ಮಾಡಿದವರೆಲ್ಲ ಈ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. 2012ರಲ್ಲಿ ಕೋರ್ಟಿಗೆ ಮಾತ್ರ ಇದು ರುಚಿಸಲಿಲ್ಲ. ಜಾಗ ಎಂದೂ ಸಿಗದಿದ್ದರೆ ಏನಾಗುತ್ತದೆ ಎಂದು ನೋಡಿದ್ದೀರಾ ಎಂದು ಕೇಳಿ, ನಿಯಮವನ್ನು ರದ್ದು ಮಾಡಿತು.

ನಡುವೆ ಒಂದು ಮಾತು. ಹತ್ತು ಸಾವಿರ ವರ್ಷದ ನಂತರದ ಜನಕ್ಕೆ ಇಲ್ಲಿ ಅಗೆಯಬೇಡಿ ಎಂದು ತಿಳಿಸುವುದು ಹೇಗೆ ಎಂದು ಯೋಚಿಸಲು 1980ರ ದಶಕದಲ್ಲಿ ಅಮೆರಿಕ ಸರ್ಕಾರ ತಜ್ಞರ ತಂಡ ಕಟ್ಟಿತ್ತು. ಥಾಮಸ್ ಸೆಬಿಯೋಕ್ ಎಂಬ ಭಾಷಾ ವಿದ್ವಾಂಸರು ಅದಕ್ಕೆ ಬರೆದ ವರದಿಯಲ್ಲಿ, ಭಯ ಹುಟ್ಟಿಸುವ ಕಥೆ ಮತ್ತು ಆಚರಣೆಗಳ ಮೂಲಕ ಗುಟ್ಟನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುವ ಅಣು ಪುರೋಹಿತರ ವರ್ಗವೊಂದು ಬೇಕು ಅಂದರು. ಈ ಭೂಮಿಯಲ್ಲಿ ಪುರೋಹಿತರ ಕೊರತೆ ಇದೆ ಅಂತ ಅವರಿಗೆ ಯಾಕೆ ಅನ್ನಿಸಿತೋ.

ಕೋರ್ಟಿನ ಏಟಿಗೆ ಆಯೋಗ ಬಗ್ಗಲಿಲ್ಲ. 2014ರಲ್ಲಿ ವಿಶ್ವಾಸವನ್ನು ಕೈಬಿಟ್ಟು, ಮುಂದುವರಿದ ಶೇಖರಣೆ ಎಂಬ ಹೊಸ ನಿಯಮ ತಂದಿತು. ಜಾಗ ಎಂದೂ ಸಿಗದೆ ಹೋದರೂ ಪರವಾಗಿಲ್ಲ ಎಂದು ಲೆಕ್ಕ ಹಾಕಿ ತೋರಿಸಿತು. ಲೆಕ್ಕದ ಆಧಾರ ಏನು ಅಂದರೆ, ನೂರು ವರ್ಷಕ್ಕೊಮ್ಮೆ ಎಲ್ಲ ಪೀಪಾಯಿಗಳನ್ನೂ ಹೊಸದಾಗಿ ಬದಲಿಸುತ್ತಾರೆ, ಕಾವಲು ಮತ್ತು ಮೇಲ್ವಿಚಾರಣೆ ಅನಂತಕಾಲ ಮುಂದುವರಿಯುತ್ತದೆ. ರಾಜವಂಶಗಳು ಅಳಿಯುತ್ತವೆ, ಗಡಿಗಳು ಅಳಿಸಿಹೋಗುತ್ತವೆ. ಅಮೆರಿಕ ಎಂಬ ದೇಶ ಹುಟ್ಟಿಯೇ ಇನ್ನೂರೈವತ್ತು ವರ್ಷದ ಮೇಲಿನ ಮಾತಿಲ್ಲ. ಆದರೆ ಆಯೋಗ ಇರುತ್ತದೆ. ಮೂರು ಸಾವಿರ ವರ್ಷದ ನಂತರವೂ ಒಬ್ಬ ಇನ್‌ಸ್ಪೆಕ್ಟರ್ ಬರುತ್ತಾನೆ. ಎಂಟು ವಾರ ಮೊದಲೇ ನೋಟಿಸ್ ಕೊಟ್ಟು.